ಬಿಚ್ಚಿಟ್ಟ ಮಸಲ್ ಕಾರು ಕಟ್ಟುವಾಗ: ಲಕ್ಷಣ ನೋಡಿ ದೋಷ ಹಿಡಿಯುವ ಕೈಪಿಡಿ

ಯಾರೋ ಬಿಚ್ಚಿ, ದುಡ್ಡು ಹುಟ್ಟುವ ಭಾಗಗಳನ್ನು ಮಾರಿಕೊಂಡು, ಉಳಿದದ್ದನ್ನು ಡಬ್ಬಗಳಲ್ಲಿ ತುಂಬಿಟ್ಟ ಹಳೇ ಅಮೆರಿಕನ್ ಮಸಲ್ ಕಾರು (ದೊಡ್ಡ ಇಂಜಿನ್ನಿನ, ಜೋರಾಗಿ ಓಡುವ ಕಾರು) ಕಡಿಮೆ ಬೆಲೆಗೆ ಸಿಗುತ್ತದೆ. ಶೆವ್ರೊಲೆಯ ಕ್ಯಾಮರೋ, ಶೆವೆಲ್, ಫೋರ್ಡಿನ ಮಸ್ಟಾಂಗ್, ಡಾಜ್‌ನ ಚಾರ್ಜರ್, ಯಾವುದಾದರೂ ಆಗಲಿ, ಕಷ್ಟಪಟ್ಟು ಕಟ್ಟಿ ಮುಗಿಸಿ ಕೀ ತಿರುಗಿಸಿದ ದಿನ ಅದು ಏನಾದರೊಂದು ತಕರಾರು ತೆಗೆದೇ ತೆಗೆಯುತ್ತದೆ.

ಇಂಥ ಗಾಡಿಯಲ್ಲಿ ದೋಷ ಹುಡುಕುವ ರೀತಿ ಸ್ವಲ್ಪ ಬೇರೆ. ದಿನಾ ಓಡುತ್ತಿದ್ದ ಕಾರು ಕೆಟ್ಟರೆ ಯಾವುದೋ ಭಾಗ ಸವೆದಿರುತ್ತದೆ. ಬಿಚ್ಚಿಟ್ಟ ಕಾರಿನಲ್ಲಿ ಹಾಗಲ್ಲ. ಇರಬೇಕಾದ ಸಣ್ಣದೊಂದು ಭಾಗ ಇಲ್ಲದಿರುವುದು, ಇಲ್ಲವೇ ಬೇರೆ ವರ್ಷದ ಭಾಗ ಬಂದು ಕೂತಿರುವುದು, ಇವೆರಡೇ ಹೆಚ್ಚು. ಅದಕ್ಕೇ ಹೊಸ ಸಾಮಾನು ತರುವ ಮುಂಚೆ ಎರಡು ಪ್ರಶ್ನೆ ಕೇಳಿಕೊಳ್ಳಿ. ಇಲ್ಲಿ ಏನಾದರೂ ಇರಬೇಕಿತ್ತಾ? ಇರುವ ಭಾಗ ಯಾವ ವರ್ಷದ್ದು? ಬಜೆಟ್ ಉಳಿಯುವುದು ಇಲ್ಲೇ.

ಬೇಕಾಗುವ ಉಪಕರಣ ಜಾಸ್ತಿ ಇಲ್ಲ. ಮಲ್ಟಿಮೀಟರ್, ಟೆಸ್ಟ್ ಲೈಟ್, ಟೈಮಿಂಗ್ ಲೈಟ್ (ಕಿಡಿ ಬರುವ ಹೊತ್ತು ತೋರಿಸುವ ದೀಪ), ಕಂಪ್ರೆಶನ್ ಗೇಜ್, ಜೊತೆಗೆ ನಿಮ್ಮ ಮಾಡೆಲ್‌ ವರ್ಷದ ಕಂಪನಿ ಸರ್ವಿಸ್ ಮ್ಯಾನುಯಲ್. ಅಮೆರಿಕದ ದೊಡ್ಡ ಬಿಡಿಭಾಗದ ಅಂಗಡಿಗಳು ಠೇವಣಿ ಇಟ್ಟುಕೊಂಡು ಕೆಲವು ಉಪಕರಣಗಳನ್ನು ಎರವಲು ಕೊಡುತ್ತವೆ. ಒಮ್ಮೆ ಮಾತ್ರ ಬೇಕಾಗುವ ಉಪಕರಣಕ್ಕೆ ದುಡ್ಡು ಹಾಕಬೇಡಿ. ಆ ದುಡ್ಡಲ್ಲಿ ಒಳ್ಳೆಯ ಜ್ಯಾಕ್ ಸ್ಟ್ಯಾಂಡ್ ಮತ್ತು ಪೆಟ್ರೋಲ್ ಬೆಂಕಿ ನಂದಿಸುವ ಸಿಲಿಂಡರ್ ತನ್ನಿ. ಬರೀ ಜ್ಯಾಕ್ ಮೇಲೆ ನಿಂತ ಕಾರಿನ ಕೆಳಗೆ ತಲೆ ಹಾಕಬಾರದು. ಮುಚ್ಚಿದ ಗ್ಯಾರೇಜಿನಲ್ಲಿ ಇಂಜಿನ್ ಓಡಿಸಬಾರದು. ವೈರಿಂಗ್ ಮುಟ್ಟುವ ಮುಂಚೆ ಬ್ಯಾಟರಿಯ ನೆಗೆಟಿವ್ ತೆಗೆಯಬೇಕು.

ಕೀ ತಿರುಗಿಸಿದರೆ ಏನೂ ಇಲ್ಲ, ಅಥವಾ ಬರೀ "ಟಕ್"

ಮೊದಲು ಬ್ಯಾಟರಿ. ಸುಮ್ನೆ ನಿಂತಾಗ 12.6 ವೋಲ್ಟ್ ಇದ್ದರೆ ಪೂರ್ತಿ ಚಾರ್ಜ್ ಇದೆ. ಸೆಲ್ಫ್ ಹೊಡೆಯುವಾಗ 9.6ಕ್ಕಿಂತ ಕೆಳಗೆ ಬಿದ್ದರೆ ಬ್ಯಾಟರಿಯಲ್ಲಿ ದಮ್ಮಿಲ್ಲ, ಇಲ್ಲವೇ ಸೆಲ್ಫ್ ಮೋಟರ್ ಅತಿಯಾಗಿ ಎಳೆಯುತ್ತಿದೆ.

ಬ್ಯಾಟರಿ ಸರಿ ಇದ್ದರೆ ಮುಂದಿನ ಅನುಮಾನ ಅರ್ಥ್ ಮೇಲೆ. ಬಿಚ್ಚಿದವರು ಇಂಜಿನ್ನಿನಿಂದ ಬಾಡಿಗೆ ಹೋಗುವ ಹೆಣೆದ ತಾಮ್ರದ ಪಟ್ಟಿಯನ್ನು ಕತ್ತರಿಸಿ ಎಸೆದಿರುತ್ತಾರೆ. ಮತ್ತೆ ಕಟ್ಟುವವರಿಗೆ ಅದು ನೆನಪೇ ಇರುವುದಿಲ್ಲ. ಮೀಟರಿನ ಒಂದು ಕಡ್ಡಿ ಬ್ಯಾಟರಿ ನೆಗೆಟಿವ್‌ಗೆ, ಇನ್ನೊಂದು ಇಂಜಿನ್ ಬ್ಲಾಕಿಗೆ ಇಟ್ಟು ಸೆಲ್ಫ್ ಹೊಡೆಸಿ. ಅರ್ಧ ವೋಲ್ಟ್‌ಗಿಂತ ಜಾಸ್ತಿ ತೋರಿಸಿದರೆ ಆ ಕೇಬಲ್ ಅಥವಾ ಅದರ ಜೋಡಣೆ ಸರಿಯಿಲ್ಲ. ಅದೇ ಪರೀಕ್ಷೆಯನ್ನು ಬಾಡಿಗೂ ಮಾಡಿ. ಆಕ್ಸಿಲರೇಟರ್ ಕೇಬಲ್ ಅಥವಾ ಚೋಕ್ ಕೇಬಲ್ ಬಿಸಿಯಾಗುತ್ತಿದ್ದರೆ ಅದು ದೊಡ್ಡ ಸುಳಿವು. ಅರ್ಥ್ ಪಟ್ಟಿ ಇಲ್ಲದ ಕಾರಣ ಸೆಲ್ಫ್‌ನ ಕರೆಂಟ್ ಆ ಸಣ್ಣ ಕೇಬಲ್ ಮೂಲಕ ವಾಪಸ್ ಹೋಗುತ್ತಿದೆ ಎಂದರ್ಥ. ಆಗ ಮತ್ತೆ ಸೆಲ್ಫ್ ಹೊಡೆಯಬೇಡಿ.

ಫೋರ್ಡ್ ಇದ್ದವರು ಇನ್ನೊಂದು ನೋಡಿ. ಅದರ ಸೆಲ್ಫ್ ಸೊಲೆನಾಯ್ಡ್ (ಸೆಲ್ಫ್ ಮೋಟರಿಗೆ ಕರೆಂಟ್ ಬಿಡುವ ಸ್ವಿಚ್ಚು) ಬಾನೆಟ್ ಕೆಳಗೆ, ಫೆಂಡರ್ ಒಳಗೋಡೆಗೆ ಬೋಲ್ಟ್ ಆಗಿರುತ್ತದೆ. ಅದಕ್ಕೆ ಅರ್ಥ್ ಸಿಗುವುದು ಆ ಬೋಲ್ಟ್‌ಗಳಿಂದಲೇ. ಹೊಸದಾಗಿ ಪೇಂಟ್ ಮಾಡಿದ ಗೋಡೆಗೆ ಹಾಗೇ ಬಿಗಿದರೆ ಪೇಂಟ್ ಅಡ್ಡ ಬರುತ್ತದೆ, ಸೊಲೆನಾಯ್ಡ್ ಸತ್ತಂತೆ ಕೂರುತ್ತದೆ. ಬೋಲ್ಟ್ ಬಿಚ್ಚಿ, ಕೂರುವ ಜಾಗದ ಪೇಂಟನ್ನು ನಾಣ್ಯದಷ್ಟು ಅಗಲ ಕೆರೆದು, ಕಬ್ಬಿಣ ಹೊಳೆಯುವಂತೆ ಮಾಡಿ ಮತ್ತೆ ಬಿಗಿಯಿರಿ. ಹೊಸ ಸೊಲೆನಾಯ್ಡ್ ತರುವ ಮುಂಚೆ ಮಾಡುವ ಕೆಲಸ ಇದು.

ಆಟೋಮ್ಯಾಟಿಕ್ ಗೇರಿನ ಕಾರಾದರೆ ಪಾರ್ಕ್‌ನಲ್ಲಿ ಆಗದಿದ್ದಾಗ ನ್ಯೂಟ್ರಲ್‌ನಲ್ಲಿ ಇಟ್ಟು ಪ್ರಯತ್ನಿಸಿ. ಹೊಡೆದುಕೊಂಡರೆ ನ್ಯೂಟ್ರಲ್ ಸೇಫ್ಟಿ ಸ್ವಿಚ್ಚಿನ (ಗೇರಿನಲ್ಲಿದ್ದಾಗ ಸೆಲ್ಫ್ ಹೊಡೆಯದಂತೆ ತಡೆಯುವುದು) ಹೊಂದಾಣಿಕೆ ತಪ್ಪಿದೆ. ಆ ಸ್ವಿಚ್ಚನ್ನು ವೈರ್ ಸೇರಿಸಿ ದಾಟಿಸುವ ಉಪಾಯ ಬೇಡ. ಗೇರಿನಲ್ಲಿರುವಾಗ ಸ್ಟಾರ್ಟ್ ಆದ ಕಾರು ಎದುರಿಗಿದ್ದವರ ಮೇಲೆ ಹೋಗುತ್ತದೆ.

ಡ್ಯಾಶ್‌ಬೋರ್ಡಿನಿಂದ ಸುಟ್ಟ ವಾಸನೆ

ತಕ್ಷಣ ಬ್ಯಾಟರಿ ತೆಗೆಯಿರಿ, ಮಿಕ್ಕಿದ್ದು ಆಮೇಲೆ. ಆ ಕಾಲದ ಡಾಜ್, ಪ್ಲಿಮತ್ ಕಾರುಗಳಲ್ಲಿ ಇದು ಜಾಸ್ತಿ. ಆಲ್ಟರ್ನೇಟರಿನ ಚಾರ್ಜ್ ಕರೆಂಟೆಲ್ಲ ಡ್ಯಾಶಿನ ಆಮೀಟರ್ (ಕರೆಂಟ್ ಅಳೆಯುವ ಮೀಟರ್) ಮೂಲಕ ಹಾದು, ಇಂಜಿನ್ ಹಿಂದಿನ ಗೋಡೆಯಲ್ಲಿರುವ ದೊಡ್ಡ ಪ್ಲಾಸ್ಟಿಕ್ ಕನೆಕ್ಟರಿನಿಂದ ಹೊರಬರುತ್ತದೆ. ಐವತ್ತು ವರ್ಷದ ತುಕ್ಕು ಹಿಡಿದ ಆ ಪಿನ್ನುಗಳು ಬಿಸಿಯಾಗಿ ಪ್ಲಾಸ್ಟಿಕ್ಕನ್ನೇ ಕರಗಿಸುತ್ತವೆ. ಕನೆಕ್ಟರ್ ಬಿಚ್ಚಿ ನೋಡಿ. ಕಂದು ಬಣ್ಣಕ್ಕೆ ತಿರುಗಿದ ಪಿನ್ ಕಂಡರೆ ಅದನ್ನು ಬರೀ ಉಜ್ಜಿ ವಾಪಸ್ ಹಾಕಬೇಡಿ, ಬದಲಾಯಿಸಿ. ಹೆಚ್ಚು ಆಂಪಿಯರಿನ ಹೊಸ ಆಲ್ಟರ್ನೇಟರನ್ನು ಈ ಹಳೇ ವೈರಿಂಗಿಗೆ ಸೇರಿಸುವುದಂತೂ ಬೆಂಕಿಗೆ ಆಹ್ವಾನ. ವೈರಿಂಗ್ ನಕ್ಷೆ ಓದಲು ಬರದಿದ್ದರೆ ಇದನ್ನು ಆಟೋ ಎಲೆಕ್ಟ್ರಿಷಿಯನ್‌ಗೆ ಬಿಡಿ.

ಸೆಲ್ಫ್ ಕರ್ರೆಂದು ಕಿರುಚುತ್ತದೆ

ಶೆವ್ರೊಲೆ ಸ್ಮಾಲ್ ಬ್ಲಾಕ್‌ಗೆ (ಚಿಕ್ಕ ಗಾತ್ರದ ವಿ8 ಇಂಜಿನ್) ಎರಡು ಅಳತೆಯ ರಿಂಗ್ ಗೇರ್ (ಸೆಲ್ಫ್ ಕಚ್ಚಿ ತಿರುಗಿಸುವ ಹಲ್ಲಿನ ಬಳೆ) ಬರುತ್ತವೆ, 153 ಹಲ್ಲಿನದು ಮತ್ತು 168 ಹಲ್ಲಿನದು. ಸೆಲ್ಫ್ ಮೋಟರಿನ ಎರಡು ಬೋಲ್ಟ್ ತೂತು ನೇರ ಸಾಲಿನಲ್ಲಿದ್ದರೆ ಅದು 153ಕ್ಕೆ, ಹಿಂದೆ ಮುಂದೆ ಇದ್ದರೆ 168ಕ್ಕೆ. ಗುಜರಿಯಿಂದ ಸೆಲ್ಫ್ ತರುವ ಮುಂಚೆ ಹಲ್ಲು ಎಣಿಸಿ. ಅಳತೆ ಸರಿ ಇದ್ದೂ ಕಿರುಚಿದರೆ ಶಿಮ್ (ಸಂದು ಹೊಂದಿಸುವ ತೆಳು ತಗಡು) ಬೇಕು ಅಥವಾ ಬೋಲ್ಟ್ ತಪ್ಪಾಗಿದೆ. ಈ ಸೆಲ್ಫ್‌ಗೆ ಮಧ್ಯದಲ್ಲಿ ಗೀರು ಗೀರಾಗಿರುವ ವಿಶೇಷ ಬೋಲ್ಟ್ ಬೇಕು, ಅದೇ ಮೋಟರನ್ನು ಸರಿಯಾದ ಜಾಗದಲ್ಲಿ ಹಿಡಿಯುವುದು. ಡಬ್ಬದಲ್ಲಿ ಸಿಕ್ಕ ಮಾಮೂಲಿ ಬೋಲ್ಟ್ ಹಾಕಿದರೆ ಮೋಟರ್ ಅಲ್ಲಾಡುತ್ತದೆ, ರಿಂಗ್ ಗೇರಿನ ಹಲ್ಲು ತಿನ್ನುತ್ತದೆ. ಆಮೇಲೆ ಗೇರ್‌ಬಾಕ್ಸ್ ಇಳಿಸುವ ಕೆಲಸ.

ಇಂಜಿನ್ ತಿರುಗುತ್ತದೆ, ಹತ್ತಿಕೊಳ್ಳುವುದಿಲ್ಲ

ಹೊಸ ಫ್ಲಾಟ್ ಟ್ಯಾಪೆಟ್ ಕ್ಯಾಮ್ (ವಾಲ್ವ್‌ಗಳನ್ನು ಎತ್ತುವ ಉಬ್ಬುಗಳಿರುವ ದಂಡ) ಹಾಕಿದ್ದರೆ ಇಲ್ಲೇ ಎಚ್ಚರಿಕೆ. ಸುಮ್ನೆ ಸೆಲ್ಫ್ ಹೊಡೆಯುತ್ತಾ ಕೂರಬೇಡಿ. ಕ್ಯಾಮ್‌ಗೆ ಬಳಿದ ಗ್ರೀಸ್ ಒರೆಸಿಹೋಗಿ, ಸ್ಟಾರ್ಟ್ ಆಗುವ ಮುಂಚೆಯೇ ಅದು ಸವೆಯಲು ಶುರುವಾಗುತ್ತದೆ. ನಿಲ್ಲಿಸಿ, ಒಂದೊಂದಾಗಿ ನೋಡಿ.

ಪೆಟ್ರೋಲ್ ಬರುತ್ತಿದೆಯೇ? ಇಂಜಿನ್ ನಿಂತಿರುವಾಗಲೇ ಏರ್ ಫಿಲ್ಟರ್ ತೆಗೆದು, ಕಾರ್ಬೊರೇಟರಿನ ಬಾಯಿ ನೋಡುತ್ತಾ ಥ್ರಾಟಲ್ ಒತ್ತಿ. ಎರಡು ಸಣ್ಣ ಧಾರೆ ಹಾರಬೇಕು. ಹಾರದಿದ್ದರೆ ಪಂಪಿಗೆ ಹೋಗುವ ರಬ್ಬರ್ ಪೈಪು, ಟ್ಯಾಂಕಿನೊಳಗಿನ ಜಾಲರಿ, ತುಕ್ಕು ಹಿಡಿದ ಕಬ್ಬಿಣದ ಲೈನು, ಈ ಸಾಲಿನಲ್ಲಿ ನೋಡಿ. ಹಳೇ ರಬ್ಬರ್ ಪೈಪನ್ನು ಎಥನಾಲ್ ಬೆರೆತ ಪೆಟ್ರೋಲ್ ತಿಂದುಹಾಕುತ್ತದೆ. ಹಾಗಾಗಿ ನೋಡಲು ಚೆನ್ನಾಗಿದ್ದರೂ ಹೊಸದೇ ಹಾಕಿ, ಅದೇನು ದೊಡ್ಡ ಖರ್ಚಲ್ಲ. ಸೆಲ್ಫ್ ಹೊಡೆಯುವಾಗ ಕಾರ್ಬೊರೇಟರಿನೊಳಗೆ ಕೈಯಾರೆ ಪೆಟ್ರೋಲ್ ಸುರಿಯುವವರನ್ನು ನೋಡಿರುತ್ತೀರಿ, ಅಲ್ವಾ? ಒಮ್ಮೆ ಬ್ಯಾಕ್‌ಫೈರ್ ಆದರೆ ಮುಖವೇ ಸುಡುತ್ತದೆ. ಹಾಗೇ ಆಯಿಲ್ ಕಡ್ಡಿ ಮೂಸಿ ನೋಡಿ. ಪೆಟ್ರೋಲ್ ವಾಸನೆ ಜೋರಾಗಿದ್ದರೆ ಪಂಪಿನ ಡಯಾಫ್ರಮ್ (ರಬ್ಬರ್ ಪರದೆ) ಹರಿದು ಪೆಟ್ರೋಲು ಆಯಿಲ್ ಚೇಂಬರಿಗೆ ಇಳಿಯುತ್ತಿರಬಹುದು. ಪಂಪ್, ಆಯಿಲ್ ಎರಡೂ ಬದಲಾಯಿಸುವವರೆಗೆ ಸ್ಟಾರ್ಟ್ ಮಾಡಬೇಡಿ.

ಕಿಡಿ ಬರುತ್ತಿದೆಯೇ? ಪ್ಲಗ್ ವೈರಿಗೆ ಸ್ಪಾರ್ಕ್ ಟೆಸ್ಟರ್ ಸಿಕ್ಕಿಸಿ ನೋಡಿ. ಕಿಡಿ ಇಲ್ಲದಿದ್ದರೆ ಡಿಸ್ಟ್ರಿಬ್ಯೂಟರ್ (ಪ್ಲಗ್‌ಗಳಿಗೆ ಕಿಡಿ ಹಂಚುವ ಭಾಗ) ಒಳಗಿನ ಕಾಂಟ್ಯಾಕ್ಟ್ ಪಾಯಿಂಟ್‌ಗಳನ್ನು ಬಿಡಿಸಿ ನೋಡಿ. ವರ್ಷಗಟ್ಟಲೆ ನಿಂತ ಗಾಡಿಯಲ್ಲಿ ಪಾಯಿಂಟಿನ ಮೇಲೆ ತೆಳುವಾದ ಪದರ ಕೂತಿರುತ್ತದೆ, ಒಂದು ದಪ್ಪ ಕಾಗದ ತೂರಿಸಿ ಎಳೆದರೆ ಎಷ್ಟೋ ಸಲ ಕಿಡಿ ವಾಪಸ್ ಬರುತ್ತದೆ. ಶೆವ್ರೊಲೆ ವಿ8ಗೆ ಹೊಸ ಪಾಯಿಂಟಿನ ಅಂತರ 0.019 ಇಂಚು, ಡ್ವೆಲ್ (ಪಾಯಿಂಟ್ ಮುಚ್ಚಿರುವ ಕೋನ) 30 ಡಿಗ್ರಿ.

ಕಿಡಿ ಇದೆ, ಪೆಟ್ರೋಲ್ ಇದೆ, ಆದರೂ ಕಾರ್ಬೊರೇಟರಿನಿಂದ ಢಬ್ ಎಂದು ಒದೆಯುತ್ತದೆ. ಇದು ಕಿಡಿ ತಪ್ಪು ಹೊತ್ತಿಗೆ ಬರುವ ಲಕ್ಷಣ. ಡಿಸ್ಟ್ರಿಬ್ಯೂಟರ್ ಕಿತ್ತು ಹಾಕಿದವರು 180 ಡಿಗ್ರಿ ತಿರುಗಿಸಿ ಕೂರಿಸುವುದು ತೀರಾ ಮಾಮೂಲಿ. ಒಂದನೇ ಪ್ಲಗ್ ತೆಗೆದು ತೂತಿಗೆ ಬೆರಳು ಒತ್ತಿಟ್ಟು, ಇಂಜಿನ್ ಕೈಯಿಂದ ತಿರುಗಿಸಿ. ಗಾಳಿ ಬೆರಳನ್ನು ಹೊರಗೆ ತಳ್ಳಿದಾಗ ಅದು ಕಂಪ್ರೆಶನ್ ಹೊಡೆತ. ಪುಲ್ಲಿಯ ಗುರುತು ಸೊನ್ನೆಗೆ ಬಂದಾಗ ಡಿಸ್ಟ್ರಿಬ್ಯೂಟರಿನೊಳಗೆ ತಿರುಗುವ ರೋಟರ್ ಒಂದನೇ ವೈರಿನತ್ತ ನೋಡುತ್ತಿರಬೇಕು. ಒಂದನೇ ಸಿಲಿಂಡರ್ ಶೆವ್ರೊಲೆಯಲ್ಲಿ ಡ್ರೈವರ್ ಕಡೆಯ (ಅಮೆರಿಕದಲ್ಲಿ ಎಡ) ಮುಂದಿನದು, ಫೋರ್ಡಿನಲ್ಲಿ ಪಕ್ಕದ ಸೀಟಿನ ಕಡೆಯ (ಬಲ) ಮುಂದಿನದು.

ಆಮೇಲೆ ಫೈರಿಂಗ್ ಆರ್ಡರ್, ಅಂದರೆ ಸಿಲಿಂಡರ್‌ಗಳಿಗೆ ಕಿಡಿ ಬರುವ ಸರದಿ. ಶೆವ್ರೊಲೆ ಸ್ಮಾಲ್ ಬ್ಲಾಕ್ 1-8-4-3-6-5-7-2, ರೋಟರ್ ಗಡಿಯಾರದ ದಿಕ್ಕಿನಲ್ಲಿ ತಿರುಗುತ್ತದೆ. ಫೋರ್ಡ್ 289 ಮತ್ತು ಹಳೇ 302ರದ್ದು 1-5-4-2-6-3-7-8, ತಿರುಗುವುದು ಉಲ್ಟಾ ದಿಕ್ಕಿಗೆ. ಇಲ್ಲೊಂದು ಗುಂಡಿ ಇದೆ. 1980ರ ದಶಕದ ಮಸ್ಟಾಂಗಿನ 5.0 ಎಚ್‌ಓ ಇಂಜಿನ್ ಕೂಡ 302 ಘನ ಇಂಚಿನದೇ, 1968ರ ಕಾರಿಗೆ ಅಗ್ಗದ ಒಳ್ಳೆ ಆಯ್ಕೆ. ಆದರೆ ಅದರ ಆರ್ಡರ್ 351 ವಿಂಡ್ಸರ್‌ನದು: 1-3-7-2-6-5-4-8. ಹಳೇ ಮ್ಯಾನುಯಲ್ ನೋಡಿ ವೈರ್ ಹಾಕಿದರೆ ಎಂಟರಲ್ಲಿ ನಾಲ್ಕು ಸಿಲಿಂಡರ್ ತಪ್ಪಾಗಿ ಒದ್ದಾಡುತ್ತವೆ. ವೈರ್ ಅದಲುಬದಲು ಮಾಡಲು ಒಂದು ಪೈಸೆ ಖರ್ಚಿಲ್ಲ.

ಇದೆಲ್ಲ ಸರಿಯಿದ್ದೂ ಟೈಮಿಂಗ್ ಲೈಟಿನ ಲೆಕ್ಕ ಅರ್ಥವೇ ಆಗದಿದ್ದರೆ ಪುಲ್ಲಿಯ ಹಿಂದಿನ ಬ್ಯಾಲೆನ್ಸರ್ (ನಡುಕ ತಡೆಯುವ ಭಾರದ ಚಕ್ರ) ನೋಡಿ. ಅದರ ಹೊರ ಬಳೆ ರಬ್ಬರಿನ ಮೇಲೆ ಕೂತಿರುತ್ತದೆ. ರಬ್ಬರ್ ಸತ್ತರೆ ಬಳೆ ಜಾರುತ್ತದೆ, ಗುರುತೂ ಜೊತೆಗೇ ಜಾರುತ್ತದೆ. ಆಗ ಗುರುತನ್ನು ನಂಬಬೇಡಿ, ಬ್ಯಾಲೆನ್ಸರ್ ಬದಲಾಯಿಸಿ.

ಕೀ ಬಿಟ್ಟ ಕ್ಷಣ ಆರಿಹೋಗುತ್ತದೆ

ಸೆಲ್ಫ್ ಹೊಡೆಯುವಾಗ ಚೆನ್ನಾಗಿ ಹತ್ತಿ, ಕೀ ವಾಪಸ್ ಬಂದ ತಕ್ಷಣ ನಿಂತರೆ, ಅದೂ ಕ್ರೈಸ್ಲರ್ ಬಳಗದ (ಡಾಜ್, ಪ್ಲಿಮತ್) ಕಾರಾದರೆ, ಬ್ಯಾಲಸ್ಟ್ ರೆಸಿಸ್ಟರ್ ಹೋಗಿದೆ ಎಂದು ಹೆಚ್ಚುಕಡಿಮೆ ಕಣ್ಣು ಮುಚ್ಚಿ ಹೇಳಬಹುದು. ಇಂಜಿನ್ ಹಿಂದಿನ ಗೋಡೆಗೆ ಬಿಗಿದ ಬಿಳಿ ಪಿಂಗಾಣಿ ತುಂಡು ಅದು. ಸ್ಟಾರ್ಟ್ ಮಾಡುವಾಗ ಕಾಯಿಲ್‌ಗೆ ನೇರ ಕರೆಂಟ್, ಓಡುವಾಗ ಈ ರೆಸಿಸ್ಟರ್ ಮೂಲಕ. ಅಗ್ಗದ ಭಾಗ, ಕಾರಿನಲ್ಲಿ ಇನ್ನೊಂದು ಇಟ್ಟುಕೊಂಡಿರಿ. ಅದರ ಬದಲು ವೈರ್ ಸೇರಿಸಿ ಓಡಿಸಿದರೆ ಪಾಯಿಂಟ್‌ಗಳು ಬೇಗ ಸುಟ್ಟುಹೋಗುತ್ತವೆ.

ಉಲ್ಟಾ ಲಕ್ಷಣವೂ ಉಂಟು. ಸೆಲ್ಫ್ ಹೊಡೆಯುವಾಗ ಹತ್ತದೆ, ಕೀ ಬಿಡುವ ಆ ಗಳಿಗೆಯಲ್ಲಿ ಹತ್ತುತ್ತದೆ. ಸ್ಟಾರ್ಟ್ ಹೊತ್ತಿನ ನೇರ ಕರೆಂಟ್ ಕಾಯಿಲ್‌ಗೆ ಸಿಗುತ್ತಿಲ್ಲ ಎಂದರ್ಥ. ಶೆವ್ರೊಲೆಯಲ್ಲಿ ಅದು ಸೆಲ್ಫ್ ಸೊಲೆನಾಯ್ಡಿನ "ಆರ್" ತುದಿಯಿಂದ ಬರುವ ಹಳದಿ ವೈರು. ಹೊಸ ನಮೂನೆಯ ಪುಟ್ಟ ಸೆಲ್ಫ್ ಮೋಟರುಗಳಲ್ಲಿ ಎಷ್ಟೋ ಸಲ ಆ ತುದಿಯೇ ಇರುವುದಿಲ್ಲ.

1970ರ ದಶಕದ ನಡುವಿನಿಂದ ಬಂದ ಜಿಎಂನ (ಶೆವ್ರೊಲೆಯ ಮೂಲ ಕಂಪನಿ ಜನರಲ್ ಮೋಟರ್ಸ್) ಎಚ್‌ಇಐ ಎಂಬ, ಪಾಯಿಂಟ್ ಇಲ್ಲದ ಎಲೆಕ್ಟ್ರಾನಿಕ್ ಡಿಸ್ಟ್ರಿಬ್ಯೂಟರನ್ನು ಹಳೇ ಕಾರಿಗೆ ಹಾಕಿದವರಿಗೆ ಇನ್ನೊಂದು ಮಾತು. ಅದಕ್ಕೆ ಪೂರ್ತಿ 12 ವೋಲ್ಟ್ ಬೇಕು. ಹಳೇ ರೆಸಿಸ್ಟೆನ್ಸ್ ವೈರಿಗೇ ಸೇರಿಸಿದರೆ ಐಡಲ್‌ನಲ್ಲಿ ಚೆನ್ನಾಗಿದ್ದು, ಜೋರಾಗಿ ಓಡಿಸಿದಾಗ ಮಿಸ್ಸಿಂಗ್ ಹೊಡೆಯುತ್ತದೆ.

ಟಿಕ್ ಟಿಕ್ ಸದ್ದು, ಆಯಿಲ್ ಪ್ರೆಶರ್ ಕಡಿಮೆ

ಆಯಿಲ್ ದೀಪ ಆರದಿದ್ದರೆ ಅಥವಾ ಮುಳ್ಳು ಸೊನ್ನೆಯಲ್ಲೇ ಇದ್ದರೆ ತಕ್ಷಣ ಇಂಜಿನ್ ಆರಿಸಿ. ಕೆಟ್ಟಿರುವುದು ಪ್ರೆಶರ್ ಅಳೆದು ತಿಳಿಸುವ ಸೆಂಡರೇ ಇರಬಹುದು, ಆದರೆ ಊಹೆ ಮೇಲೆ ಓಡಿಸುವ ವಿಷಯ ಇದಲ್ಲ. ಮೆಕ್ಯಾನಿಕಲ್ ಗೇಜ್ ಹಾಕಿ ನೋಡಿ. ಪ್ರತಿ 1000 ಆರ್‌ಪಿಎಂಗೆ 10 ಪಿಎಸ್‌ಐ ಇದ್ದರೆ ಸಾಕು ಎನ್ನುವುದು ಹಳಬರ ಲೆಕ್ಕ.

ಪ್ರೆಶರ್ ಸರಿಯಿದ್ದು ಟಿಕ್ ಎನ್ನುತ್ತಿದ್ದರೆ, ಬಿಸಿಯಾದ ಮೇಲೆ ಸದ್ದು ಹೋಗುತ್ತದೆಯೇ ಗಮನಿಸಿ. ಹೋದರೆ ಎಕ್ಸಾಸ್ಟ್ ಮ್ಯಾನಿಫೋಲ್ಡಿನ ಸೋರಿಕೆ ಇರಬಹುದು, ಬೋಲ್ಟ್ ಬಿಗಿಯಿರಿ. ಹೋಗದಿದ್ದರೆ ವಾಲ್ವ್ ಕವರ್ ತೆಗೆದು ರಾಕರ್ (ವಾಲ್ವ್ ಒತ್ತುವ ತೋಳು) ಸಡಿಲ ಇದೆಯೇ ನೋಡಿ. ಹೊಂದಿಸಿದ ರಾಕರ್ ಮತ್ತೆ ಮತ್ತೆ ಸಡಿಲವಾಗುತ್ತಿದ್ದರೆ ಸುದ್ದಿ ಕೆಟ್ಟದು. ಕ್ಯಾಮ್‌ನ ಉಬ್ಬು ಸವೆಯುತ್ತಿದೆ. ಇಂಜಿನ್ ಕೈಯಲ್ಲಿ ತಿರುಗಿಸುತ್ತಾ ಪ್ರತಿ ರಾಕರ್ ಎಷ್ಟು ಏಳುತ್ತದೆ ಅಳೆಯಿರಿ. ಒಂದು ಮಾತ್ರ ಕಡಿಮೆ ಏಳುತ್ತಿದ್ದರೆ ಅನುಮಾನ ಮುಗಿಯಿತು. ಆಯಿಲ್ ಫಿಲ್ಟರ್ ಕತ್ತರಿಸಿ ಮಡಿಕೆಗಳನ್ನು ಬಿಡಿಸಿದರೆ ಬೆಳ್ಳಿ ಪುಡಿಯಂತೆ ಲೋಹದ ಮಿನುಗು ಕಾಣುತ್ತದೆ. ಇನ್ನು ಓಡಿಸಿದರೆ ಆ ಪುಡಿ ಬೇರಿಂಗ್‌ಗಳನ್ನೂ ತಿನ್ನುತ್ತದೆ.

ಹೊಸ ಫ್ಲಾಟ್ ಟ್ಯಾಪೆಟ್ ಕ್ಯಾಮ್ ಮೊದಲ ಸಲ ಹತ್ತಿದ ಕೂಡಲೇ 2000ದಿಂದ 2500 ಆರ್‌ಪಿಎಂನಲ್ಲಿ ಇಪ್ಪತ್ತು ನಿಮಿಷ ಓಡಬೇಕು. ಐಡಲ್‌ನಲ್ಲಿ ಬಿಡಬಾರದು. ಜಿಂಕ್ ಜಾಸ್ತಿ ಇರುವ ಆಯಿಲ್ ಬೇಕು, ಇವತ್ತಿನ ಸಾಮಾನ್ಯ ಆಯಿಲ್‌ಗಳಲ್ಲಿ ಅದನ್ನು ಕಡಿಮೆ ಮಾಡಿದ್ದಾರೆ. ಆಯಿಲ್ ಉಳಿತಾಯ ಮಾಡುವ ಜಾಗ ಅಲ್ಲ.

ಕಟ್ಟಿದ ಮೇಲೆ ಇಂಜಿನ್ ನಡುಗುತ್ತದೆ

ನಿಂತಲ್ಲೇ ನ್ಯೂಟ್ರಲ್‌ನಲ್ಲಿ ರೇಸ್ ಮಾಡಿ. ನಡುಕ ಬಂದರೆ ಇಂಜಿನ್ ಕಡೆಯದು. ರಸ್ತೆಯ ವೇಗಕ್ಕೆ ತಕ್ಕಂತೆ ಮಾತ್ರ ಬಂದರೆ ಚಕ್ರ, ಪ್ರೊಪೆಲರ್ ಶಾಫ್ಟ್, ಯೂ ಜಾಯಿಂಟ್.

ಇಂಜಿನ್ ಕಡೆಯದಾದರೆ ಭಾಗಗಳ ವರ್ಷ ಕೇಳಿ. ಹಳೇ ಫೋರ್ಡ್ 302ರ ಬ್ಯಾಲೆನ್ಸರ್ ಮತ್ತು ಫ್ಲೈವೀಲ್‌ಗೆ ಸೇರಿಸಿದ ಸಮತೋಲನದ ತೂಕ 28 ಔನ್ಸ್ ಲೆಕ್ಕದ್ದು, 1980ರ ದಶಕದ 5.0 ಇಂಜಿನ್‌ನವು 50 ಔನ್ಸ್. ಎರಡೂ ಬೋಲ್ಟ್ ಆಗಿ ಕೂರುತ್ತವೆ, ಅದೇ ಸಮಸ್ಯೆ. ಶೆವ್ರೊಲೆಯಲ್ಲಿ 400 ಇಂಜಿನ್ನಿನ ಬ್ಯಾಲೆನ್ಸರ್, ಫ್ಲೆಕ್ಸ್‌ಪ್ಲೇಟ್‌ಗಳಿಗೆ (ಆಟೋಮ್ಯಾಟಿಕ್ ಗೇರಿನ ಫ್ಲೈವೀಲ್) ತೂಕ ಸೇರಿಸಿರುತ್ತಾರೆ. ಅದನ್ನು 350ಗೆ ಹಾಕಿದರೆ ನಡುಗದೆ ಇರಲು ಸಾಧ್ಯವೇ ಇಲ್ಲ. "ಸ್ವಲ್ಪ ದಿನ ಓಡಿಸೋಣ" ಎನ್ನಬೇಡಿ, ಬೇರಿಂಗ್‌ಗಳಿಗೆ ಪೆಟ್ಟು ಬೀಳುತ್ತದೆ.

ಹೀಟ್ ಆಗುತ್ತದೆ

ಯಾವಾಗ ಹೀಟ್ ಆಗುತ್ತದೆ ಎನ್ನುವುದೇ ಅರ್ಧ ಉತ್ತರ. ಟ್ರಾಫಿಕ್‌ನಲ್ಲಿ ನಿಂತಾಗ ಮಾತ್ರ ಆದರೆ ಗಾಳಿ ಸಾಲುತ್ತಿಲ್ಲ. ಫ್ಯಾನ್ ಸುತ್ತಲಿನ ಶ್ರೌಡ್ ಇದೆಯೇ ನೋಡಿ. ಬಿಚ್ಚಿದ ಕಾರುಗಳಲ್ಲಿ ಅದು ಇರುವುದೇ ಅಪರೂಪ, ದೊಡ್ಡ ರೇಡಿಯೇಟರ್ ಕೊಂಡವರೂ ಇದನ್ನು ಮರೆಯುತ್ತಾರೆ. ಹೈವೇಯಲ್ಲಿ ಮಾತ್ರ ಆದರೆ ನೀರು ಸಾಲುತ್ತಿಲ್ಲ. ರೇಡಿಯೇಟರ್ ಕಟ್ಟಿದೆ, ಇಲ್ಲವೇ ಕೆಳಗಿನ ಹೋಸ್ ಜೋರಾಗಿ ಓಡುವಾಗ ಒಳಕ್ಕೆ ಚಪ್ಪಟೆಯಾಗುತ್ತಿದೆ.

ಸ್ಟಾರ್ಟ್ ಮಾಡಿದ ಕೆಲವೇ ನಿಮಿಷಕ್ಕೆ ಕುದಿಯುತ್ತದೆಯೇ? ಥರ್ಮೋಸ್ಟಾಟ್ ಉಲ್ಟಾ ಕೂತಿಲ್ಲವೇ, ಗಾಳಿ ಸಿಕ್ಕಿಲ್ಲವೇ ನೋಡಿ. ಆಮೇಲೆ ವಾಟರ್ ಪಂಪ್. ಒಂದೇ ಅಗಲ ಬೆಲ್ಟಿನಲ್ಲಿ ಎಲ್ಲವೂ ತಿರುಗುವ ಹೊಸ ಇಂಜಿನ್‌ಗಳಲ್ಲಿ ಪಂಪ್ ಉಲ್ಟಾ ತಿರುಗುವಂತೆ ಮಾಡಿರುವುದುಂಟು. ಅದನ್ನೇ ಹಳೇ ವಿ ಬೆಲ್ಟಿಗೆ ಹಾಕಿದರೆ ನೀರು ಸರಿಯಾಗಿ ಹರಿಯುವುದಿಲ್ಲ. ಬಿಸಿ ಇರುವಾಗ ರೇಡಿಯೇಟರ್ ಮುಚ್ಚಳ ಬಿಚ್ಚಬೇಡಿ. ಚೆಲ್ಲಿದ ಕೂಲೆಂಟ್ ಸಿಹಿಯಾದ ವಿಷ, ನಾಯಿ ಬೆಕ್ಕು ನೆಕ್ಕುವ ಮುಂಚೆ ಒರೆಸಿ.

ಪೆಟ್ರೋಲ್ ಮುಳ್ಳು ಸುಳ್ಳು ಹೇಳುತ್ತದೆ

1965ರ ನಂತರದ ಜಿಎಂ ಕಾರಿನ ಟ್ಯಾಂಕಿನೊಳಗಿನ ಸೆಂಡರ್ ಖಾಲಿಗೆ 0 ಓಮ್, ತುಂಬಿದಾಗ 90. ಫೋರ್ಡ್ ಮತ್ತು ಕ್ರೈಸ್ಲರ್ ತದ್ವಿರುದ್ಧ, ಖಾಲಿಗೆ ಸುಮಾರು 73, ತುಂಬಿದಾಗ 10. ಹಾಗಾಗಿ ಜಿಎಂ ಕಾರಿನಲ್ಲಿ ಮುಳ್ಳು "ಫುಲ್" ದಾಟಿ ಅಂಟಿಕೊಂಡಿದ್ದರೆ ವೈರ್ ಕಡಿದಿದೆ ಅಥವಾ ಟ್ಯಾಂಕಿಗೆ ಅರ್ಥ್ ಇಲ್ಲ. ಫೋರ್ಡಿನಲ್ಲಿ ಅದೇ ದೋಷಕ್ಕೆ ಮುಳ್ಳು ಖಾಲಿಯಲ್ಲಿ ಮಲಗುತ್ತದೆ. ಟ್ಯಾಂಕ್ ಇಳಿಸುವ ಮುಂಚೆ ಒಂದು ಅರ್ಥ್ ವೈರ್ ಹಾಕಿ ನೋಡಿ.

ಗೇರ್ ಬೇಗ ಬೀಳುತ್ತದೆ, ಜಾರುತ್ತದೆ

ಕ್ರೈಸ್ಲರ್‌ನ ಆಟೋಮ್ಯಾಟಿಕ್ ಗೇರ್‌ಬಾಕ್ಸ್ ಟಾರ್ಕ್‌ಫ್ಲೈಟ್ 727 ಅಥವಾ 904 ಆದರೆ ಕಾರ್ಬೊರೇಟರಿನಿಂದ ಗೇರ್‌ಬಾಕ್ಸಿಗೆ ಹೋಗುವ ಕಡ್ಡಿ ಜೋಡಿಸಿದ್ದೀರಾ? ಅದನ್ನು ಕಿಕ್‌ಡೌನ್‌ಗೆ (ಆಕ್ಸಿಲರೇಟರ್ ಪೂರ್ತಿ ಒತ್ತಿದಾಗ ಕೆಳಗಿನ ಗೇರಿಗೆ ಇಳಿಯುವುದು) ಮಾತ್ರ ಎಂದುಕೊಂಡು ಬಿಡುವವರಿದ್ದಾರೆ. ಒಳಗಿನ ಒತ್ತಡವನ್ನೇ ಅದು ನಿಯಂತ್ರಿಸುತ್ತದೆ. ಇಲ್ಲದೆ ಓಡಿಸಿದರೆ ಕ್ಲಚ್‌ಗಳು ಸುಡುತ್ತವೆ. ಆಯಿಲ್ ಕಪ್ಪಾಗಿ ಸುಟ್ಟ ವಾಸನೆ ಬಂದರೆ ಗೇರ್‌ಬಾಕ್ಸ್ ರಿಪೇರಿಯವರ ಹತ್ತಿರ ಹೋಗಿ.

ಬ್ರೇಕ್ ಪೆಡಲ್ ಮೆತ್ತಗಿದೆ, ಅಥವಾ ಬ್ರೇಕ್ ಬಿಡುವುದಿಲ್ಲ

ಪೆಡಲ್ ಸ್ಪಂಜಿನಂತಿದ್ದು, ಎಷ್ಟು ಬ್ಲೀಡ್ ಮಾಡಿದರೂ (ಲೈನಿನ ಗಾಳಿ ಹೊರತೆಗೆದರೂ) ಸರಿಯಾಗದಿದ್ದರೆ ಮುಂದಿನ ಕ್ಯಾಲಿಪರ್‌ಗಳನ್ನು ನೋಡಿ. ಬ್ಲೀಡ್ ಸ್ಕ್ರೂ ಮೇಲ್ಭಾಗದಲ್ಲಿರಬೇಕು. ಕೆಳಗಿದ್ದರೆ ಎಡ ಬಲ ಅದಲುಬದಲಾಗಿದೆ, ಗಾಳಿ ಹೊರಬರುವುದೇ ಇಲ್ಲ. ಕಾಲು ಒತ್ತಿ ಹಿಡಿದಾಗ ಪೆಡಲ್ ನಿಧಾನವಾಗಿ ಇಳಿಯುತ್ತಾ, ಹೊರಗೆಲ್ಲೂ ಸೋರಿಕೆ ಕಾಣದಿದ್ದರೆ ಮಾಸ್ಟರ್ ಸಿಲಿಂಡರ್ ಒಳಗೇ ಸೋರುತ್ತಿದೆ.

ಓಡಿಸಿದ ಮೇಲೆ ಮುಂದಿನ ಚಕ್ರ ಬಿಸಿಯಾಗಿ, ತಿರುಗಲು ಬಿಗಿಯಾಗಿದ್ದರೆ ಕಾರನ್ನು ಸ್ಟ್ಯಾಂಡ್ ಮೇಲೆ ಕೂರಿಸಿ ಮಾಸ್ಟರ್ ಸಿಲಿಂಡರಿನ ಪೈಪಿನ ನಟ್ ಸ್ವಲ್ಪ ಸಡಿಲಿಸಿ. ಚಕ್ರ ಬಿಟ್ಟುಕೊಂಡರೆ ತಪ್ಪು ಮಾಸ್ಟರ್ ಸಿಲಿಂಡರ್ ಕಡೆ. ಡ್ರಮ್ ಬ್ರೇಕಿನ ಹಳೇ ಮಾಸ್ಟರ್ ಇಟ್ಟುಕೊಂಡೇ ಡಿಸ್ಕ್ ಹಾಕಿದಾಗ ಹೀಗಾಗುತ್ತದೆ, ಅದರೊಳಗಿನ ಪುಟ್ಟ ವಾಲ್ವ್ ಲೈನಿನಲ್ಲಿ ಒತ್ತಡ ಉಳಿಸಿಕೊಳ್ಳುತ್ತದೆ. ಅಲ್ಲಿ ಬಿಡದೆ, ಕ್ಯಾಲಿಪರಿನ ಬ್ಲೀಡ್ ಸ್ಕ್ರೂ ಬಿಟ್ಟಾಗ ಮಾತ್ರ ಬಿಟ್ಟರೆ ರಬ್ಬರ್ ಹೋಸ್ ಒಳಗೆ ಮುಚ್ಚಿದೆ.

1966 ಮತ್ತು ಅದಕ್ಕೂ ಹಿಂದಿನ ಬಹುತೇಕ ಮಾಡೆಲ್‌ಗಳಲ್ಲಿ ಬ್ರೇಕ್ ಸರ್ಕ್ಯೂಟ್ ಒಂದೇ. ಎಲ್ಲಿ ಪೈಪ್ ಒಡೆದರೂ ನಾಲ್ಕೂ ಚಕ್ರದ ಬ್ರೇಕ್ ಹೋಯಿತು. 1967ರಿಂದ ಬಂದ ಎರಡು ಸರ್ಕ್ಯೂಟಿನ ಮಾಸ್ಟರ್‌ಗೆ ಬದಲಾಯಿಸುವುದು ಬಜೆಟ್ಟಿನ ಮೊದಲ ಸಾಲಿನಲ್ಲಿರಲಿ, ಪೇಂಟ್ ಆಮೇಲೆ. ಹಳೇ ಡ್ರಮ್ಮಿನ ಪುಡಿಯನ್ನು ಗಾಳಿ ಹೊಡೆದು ಹಾರಿಸಬೇಡಿ, ಅದರಲ್ಲಿ ಆಸ್ಬೆಸ್ಟಾಸ್ ಇರುತ್ತದೆ.

ಮಳೆ ಬಂದರೆ ಕಾಲಿಗೆ ನೀರು, ಬಾಗಿಲು ಜೋತುಬಿದ್ದಿದೆ

1965ರಿಂದ 68ರ ಮಸ್ಟಾಂಗ್‌ನಲ್ಲಿ ಕಾಲ ಬಳಿ ನೀರು ತೊಟ್ಟಿಕ್ಕಿದರೆ ಗಾಜಿನ ಬೀಡಿಂಗ್ ಬದಲಾಯಿಸಲು ಓಡಬೇಡಿ. ಮುಂದಿನ ಗಾಜಿನ ಕೆಳಗಿನ ಜಾಲರಿಗೆ ನಿಧಾನವಾಗಿ ಒಂದು ಮಗ್ ನೀರು ಸುರಿದು, ಟಾರ್ಚ್ ಹಿಡಿದು ಡ್ಯಾಶ್ ಕೆಳಗೆ ನೋಡಿ. ಅಲ್ಲಿಂದ ಇಳಿದರೆ ಒಳಗಿನ ಗಾಳಿ ಕೊಳವೆಯ ಸುತ್ತ ತುಕ್ಕು ಹಿಡಿದು ತೂತಾಗಿದೆ. ನೆಲದ ತಗಡು ಹೊಸದು ಹಾಕಿದರೂ ಇದನ್ನು ಮುಚ್ಚದಿದ್ದರೆ ಅದೂ ಕೊಳೆಯುತ್ತದೆ.

ಬಾಗಿಲು ಜೋತುಬಿದ್ದಿದ್ದರೆ ಅದನ್ನು ಅರ್ಧ ತೆಗೆದು, ತುದಿ ಹಿಡಿದು ಮೇಲೆತ್ತಿ. ಹಿಂಜ್ ಬಳಿ ಆಟ ಕಂಡರೆ ಪಿನ್ ಮತ್ತು ಬುಷ್ ಸಾಕು, ಖರ್ಚು ಕಡಿಮೆ. ಆಟ ಇಲ್ಲವೇ? ಬಾಗಿಲು ಮುಚ್ಚಿ, ಬಾಗಿಲಿನ ಹಿಂದಂಚಿನ ಸಂದು ಎಷ್ಟಿದೆ ಅಳೆದಿಟ್ಟುಕೊಳ್ಳಿ. ಮುಂದಿನ ಚಕ್ರದ ಹತ್ತಿರ ಜ್ಯಾಕ್ ಕೊಟ್ಟು ಆ ಬದಿ ಎತ್ತಿದಾಗ ಸಂದಿನ ಅಳತೆ ಬದಲಾದರೆ ಬಾಡಿಯೇ ಬಾಗುತ್ತಿದೆ. ಮಸ್ಟಾಂಗ್, ಚಾರ್ಜರ್‌ಗಳಿಗೆ ಪ್ರತ್ಯೇಕ ಚಾಸಿ ಇಲ್ಲ, ಬಾಗಿಲ ಕೆಳಗಿನ ಪೆಟ್ಟಿಗೆಯಂಥ ತಗಡೇ ಬೆನ್ನೆಲುಬು. ಶೆವೆಲ್‌ಗೆ ಚಾಸಿ ಉಂಟು, ಅಲ್ಲಿ ಮೊದಲು ಬಾಡಿ ಬುಷ್‌ಗಳನ್ನು ನೋಡಿ.

ಬಾಡಿ ಬಾಗುತ್ತಿರುವ ಕಾರಿಗೆ ಮನೆಯ ವೆಲ್ಡಿಂಗ್ ಮೆಶಿನ್ ಹಿಡಿಯಬೇಡಿ. ಆಸರೆ ಕೊಡದೆ ಕತ್ತರಿಸಿದರೆ ಕಾರು ಸೊಟ್ಟಗಿರುವಾಗಲೇ ವೆಲ್ಡ್ ಆಗಿ, ಆಮೇಲೆ ಬಾಗಿಲು ಎಂದೂ ಕೂರುವುದಿಲ್ಲ. ಫ್ರೇಮ್ ಅಳತೆ ಹಿಡಿಯುವ ಸಲಕರಣೆ ಇರುವ ವರ್ಕ್‌ಶಾಪಿನಲ್ಲಿ ಬೆನ್ನೆಲುಬಿನ ಕೆಲಸ ಮಾತ್ರ ಮಾಡಿಸಿ, ನೆಲದ ತಗಡು ನೀವೇ ಹಾಕಿಕೊಳ್ಳಿ. ಅಲ್ಲಿಗೆ ಕಳಿಸುವ ಮುಂಚೆ ಡ್ಯಾಶ್ ಅಥವಾ ಬಾಗಿಲ ಕಂಬದ ಮೇಲಿನ ವಿಐಎನ್ (ವಾಹನದ ಗುರುತಿನ ಸಂಖ್ಯೆ) ಫಲಕವನ್ನು ಟೈಟಲ್ ಪತ್ರದ (ಮಾಲೀಕತ್ವದ ದಾಖಲೆ) ಜೊತೆ ಅಂಕಿ ಅಂಕಿ ಹೋಲಿಸಿ. ರಿವೆಟ್ ಹೊಸದಾಗಿ ಕಂಡರೆ, ಅಂಕಿ ಹೊಂದದಿದ್ದರೆ, ಇನ್ನೊಂದು ಡಾಲರ್ ಹಾಕುವ ಮುಂಚೆ ರಾಜ್ಯದ ಮೋಟಾರು ವಾಹನ ಕಚೇರಿಯಲ್ಲಿ ವಿಚಾರಿಸಿ. ಆ ಫಲಕವನ್ನು ಒಂದು ಕಾರಿನಿಂದ ಕಿತ್ತು ಇನ್ನೊಂದಕ್ಕೆ ಬಡಿಯುವುದು ಅಮೆರಿಕದ ಫೆಡರಲ್ ಕಾನೂನಿನಲ್ಲಿ ಅಪರಾಧ, ಅಂಥ ಕಾರು ಎಷ್ಟು ಚೆನ್ನಾಗಿ ಕಟ್ಟಿದರೂ ಜಪ್ತಿಯಾಗಬಹುದು.